ಶುಕ್ರವಾರದ ಹಾರ, ನನ್ನ ಕೊರಳು

ಬರುವ ಶುಕ್ರವಾರ ನಮ್ಮ ಕಾಲೇಜಿನ ವೇದಿಕೆಯ ನಡುಗುರ್ಚಿಯಲ್ಲಿ ಕೂರಲಿರುವ, ತಾಂತ್ರಿಕ ಶಿಕ್ಷಣದ ಮೇಲುಸ್ತುವಾರಿ ಹೊತ್ತ ಮಾನ್ಯರೇ,

ಶುಕ್ರವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ನಿಮ್ಮ ಸಮ್ಮುಖದಲ್ಲಿ, ನಿಮ್ಮ ಕಚೇರಿಯ ಲಿಖಿತ ಆದೇಶದ ಮೇರೆಗೆ, ಒಂದು ಯಂತ್ರ ನನ್ನ ಕೊರಳಿಗೆ ಹೂವಿನ ಹಾರ ಹಾಕಲಿದೆ. ಅದೇ ಯಂತ್ರ ಇದುವರೆಗೆ ಎಂಟು ಗಡಿಗೆಗಳನ್ನು ಒಡೆದಿದೆ, ಒಬ್ಬ ಮನುಷ್ಯನನ್ನು ಕುತ್ತಿಗೆ ಹಿಡಿದು ಕುರ್ಚಿಯಿಂದ ಎತ್ತಿದೆ. ಅದನ್ನು ನಿಲ್ಲಿಸುವ ಗುಂಡಿಯನ್ನು ತೆಗೆಸಲಾಗಿದೆ. ಯಂತ್ರ ಕಟ್ಟಿದ ಮೂವರಲ್ಲಿ ನಾನೂ ಒಬ್ಬಳು, ಹಾಗಾಗಿ ನನ್ನ ಹೆದರಿಕೆ ಏನೂ ತಿಳಿಯದವಳ ಹೆದರಿಕೆಯಲ್ಲ. ಹೌದು, ನನಗೆ ಹೆದರಿಕೆಯಾಗಿದೆ. ಸುತ್ತಿ ಬಳಸಿ ಹೇಳುವಷ್ಟು ಪುರುಸೊತ್ತು ಇಲ್ಲ, ಇವತ್ತು ಶನಿವಾರ.

ನನ್ನ ಹೆಸರು ವಿದ್ಯಾವತಿ, ಊರು ಮೋರಖಂಡಿ. ಬಸವಕಲ್ಯಾಣದ ಕಾಲೇಜೊಂದರಲ್ಲಿ ಡಿಪ್ಲೊಮಾದ ಕೊನೆಯ ವರ್ಷದಲ್ಲಿದ್ದೇನೆ. ಕಾಲೇಜಿನ ಹೆಸರನ್ನು ಬರೆಯುವುದಿಲ್ಲ; ಬರೆದರೆ ಸಂಸ್ಥೆಯ ಮಾನ ಕಳೆದಳು ಎಂಬ ಆಪಾದನೆಯನ್ನೂ ಹೊರಬೇಕಾಗುತ್ತದೆ. ನಿಮ್ಮ ಹೆಸರನ್ನೂ ಬರೆಯುವುದಿಲ್ಲ. ಹಾರಕ್ಕೆ ಹೆಸರು ಬೇಕಾಗುವುದಿಲ್ಲ, ಕೊರಳಿದ್ದರೆ ಸಾಕು. ಹೀಗೆ ಪತ್ರಿಕೆಯಲ್ಲಿ ಊರಿಗೆಲ್ಲ ಕೇಳುವಂತೆ ಹೇಳಬೇಕಾಗಿ ಬಂದದ್ದಕ್ಕೆ ಕ್ಷಮೆ ಇರಲಿ. ನಿಮಗೇ ನೇರವಾಗಿ, ರಿಜಿಸ್ಟರ್ಡ್ ಅಂಚೆಯಲ್ಲಿ, ಒಮ್ಮೆ ಬರೆದಿದ್ದೆ. ಆ ಪತ್ರದಿಂದಲೇ ಹಾರ ನನ್ನ ಕೊರಳಿನ ಕಡೆ ತಿರುಗಿತು. ಅದು ಹೇಗೆಂದು ಮೊದಲಿನಿಂದ ಹೇಳುತ್ತೇನೆ.

ಆರು ತಿಂಗಳ ಹಿಂದೆ ನಿಮ್ಮ ಕಚೇರಿಯಿಂದ ಸುತ್ತೋಲೆ ಬಂತು. ಪ್ರತಿ ಕಾಲೇಜಿನಲ್ಲೂ ವಿದ್ಯಾರ್ಥಿಗಳ ತಂಡವೊಂದು ‘ರೋಬಾಟಿಕ್ಸ್‌ನ ಸುಧಾರಿತ ಸಂಶೋಧನಾ ವಿಧಾನಗಳು’ ಎಂಬ ವಿಷಯದ ಮೇಲೆ ನಲವತ್ತೈದು ನಿಮಿಷದ ಉಪನ್ಯಾಸ ನೀಡತಕ್ಕದ್ದು, ಪ್ರಾತ್ಯಕ್ಷಿಕೆ ಕಡ್ಡಾಯ, ತಪ್ಪಿದಲ್ಲಿ ಆಂತರಿಕ ಅಂಕ ಕಡಿತ. ನಮ್ಮ ಲ್ಯಾಬಿನಲ್ಲಿ ಆಗ ರೋಬಾಟ್ ಎಂದರೆ ಗೋಡೆಗೆ ಅಂಟಿಸಿದ ಒಂದು ಚಿತ್ರ. ಅದರದ್ದೂ ಒಂದು ಕೈ ಹರಿದಿತ್ತು. ಸುಧಾರಿತ ವಿಧಾನ ಹಾಗಿರಲಿ, ಸುಧಾರಿಸದ ವಿಧಾನವನ್ನೂ ನಮಗೆ ಯಾರೂ ಕಲಿಸಿರಲಿಲ್ಲ. ಆದರೂ ನಾವು ಮೂವರು, ಹುಮನಾಬಾದಿನ ಫಿರೋಜ್, ಕೊಹಿನೂರದ ಸ್ನೇಹಲ್ ಮತ್ತು ನಾನು, ಹೆಸರು ಕೊಟ್ಟೆವು. ನಿಜ ಹೇಳಬೇಕೆಂದರೆ ಖುಷಿಯಿಂದಲೇ ಕೊಟ್ಟೆವು. ಆ ದಿನಗಳನ್ನು ನೆನೆದರೆ ಈಗಲೂ ಖುಷಿಯಾಗುತ್ತದೆ, ಮರುಕ್ಷಣವೇ ಕೈ ತಾನಾಗಿ ಕುತ್ತಿಗೆಗೆ ಹೋಗುತ್ತದೆ.

ಉಪನ್ಯಾಸದ ತಯಾರಿ ನಡೆದದ್ದು ಹೆಚ್ಚಾಗಿ ಹುಮನಾಬಾದಿನಲ್ಲಿ, ಹೆದ್ದಾರಿಯ ಪಕ್ಕ ಫಿರೋಜನ ತಂದೆ ಖಮರುದ್ದೀನ್ ಚಾಚಾ ಅವರ ಲಾರಿ ಟೈರು ರಿಪೇರಿ ಅಂಗಡಿಯಲ್ಲಿ. ಕಾಲೇಜು ಬಿಟ್ಟ ಮೇಲೆ ಹೆದ್ದಾರಿಯ ಸಸ್ತಾಪುರ ಬಂಗ್ಲಾ ಸ್ಟಾಪಿಗೆ ಬಂದು ಬಸ್ಸು ಹಿಡಿಯುತ್ತಿದ್ದೆವು. ಸಂಶೋಧನೆಗೆ ಮೊದಲು ಒಂದು ಪ್ರಶ್ನೆ ಬೇಕು ಎಂದು ಓದಿದ್ದೆವು. ನಮ್ಮ ಪ್ರಶ್ನೆ ಯಾವುದಿರಬೇಕು ಎಂದು ಹದಿನೈದು ದಿನ ಕಚ್ಚಾಡಿದೆವು. ಸ್ನೇಹಲ್‌ಗೆ ಚಂದ್ರನ ಮೇಲೆ ಓಡಾಡುವ ಬಂಡಿ ಬೇಕಿತ್ತು, ನನಗೆ ಕಸ ಗುಡಿಸುವ ಯಂತ್ರ ಸಾಕಿತ್ತು. ಕೊನೆಗೆ ಪ್ರಶ್ನೆ ಕೊಟ್ಟವರು ಚಾಚಾ. ಲಾರಿಯ ಟ್ಯೂಬೊಂದನ್ನು ಎತ್ತಿ ಗೋಡೆಯ ಗೂಟಕ್ಕೆ ಹಾಕಿ, ಸೊಂಟ ಹಿಡಿದುಕೊಂಡು ನಮ್ಮ ಕಡೆ ತಿರುಗಿ ಅಂದರು:

“ಚಂದ್ರನ ಮ್ಯಾಲ ಆಮ್ಯಾಗ ಹೋಗ್ರಿ ಬೇಟಾ. ಈ ಟ್ಯೂಬ್ ಎತ್ತಿ ಎತ್ತಿ ನನ್ನ ಕಮರ್ ಹೋಗ್ಯಾದ. ನಿಮ್ಮ ಮಷೀನ್ ಇಷ್ಟ್ ಮಾಡಿದ್ರ ಸಾಕು ನೋಡ್ರಿ.”

ಆ ಮಾತಿನಿಂದ ನಮ್ಮ ಯಂತ್ರ ಹುಟ್ಟಿತು. ಗುಜರಿಗೆ ಬಿದ್ದ ಲಾರಿಗಳ ವೈಪರ್ ಮೋಟಾರುಗಳು, ಎರಡು ಕಬ್ಬಿಣದ ತೋಳು, ಒಂದೊಂದು ತೋಳಿನ ತುದಿಗೆ ಒಂದೊಂದು ಕೊಕ್ಕೆ. ಕೊಕ್ಕೆಗಳು ಟ್ಯೂಬನ್ನು ಎರಡೂ ಬದಿ ಹಿಡಿದು ಅಗಲಿಸುತ್ತವೆ, ತೋಳುಗಳು ಎತ್ತಿ ಗೂಟದ ಮೇಲೆ ತಂದು ಇಳಿಸುತ್ತವೆ. ಭಾರ ಇಳಿಯಿತೆಂದು ಸೆನ್ಸರ್ ಹೇಳಿದ ಕೂಡಲೇ ಎರಡೂ ಕೊಕ್ಕೆ ಬಿಚ್ಚಿಕೊಳ್ಳಬೇಕು, ತೋಳುಗಳು ಖಾಲಿಯಾಗಿ ಮೇಲೆ ಹೋಗಬೇಕು. ಇಷ್ಟೇ ಯಂತ್ರ. ಇದರಲ್ಲಿ ‘ಎರಡೂ ಕೊಕ್ಕೆ ಬಿಚ್ಚಿಕೊಳ್ಳಬೇಕು’ ಎಂಬುದನ್ನು ದಯವಿಟ್ಟು ನೆನಪಿಡಿ. ಸದ್ಯ ನನ್ನ ಜೀವ ಅದಕ್ಕೇ ನೇತುಬಿದ್ದಿದೆ.

ನಲವತ್ತೈದು ನಿಮಿಷವನ್ನು ಮೂವರೂ ಹಂಚಿಕೊಂಡೆವು. ಪ್ರಶ್ನೆಯನ್ನು ಹುಡುಕುವುದು ಹೇಗೆ ಎಂದು ಸ್ನೇಹಲ್ ಹೇಳಬೇಕು. ಒಂದೇ ಪ್ರಯೋಗವನ್ನು ಮತ್ತೆ ಮತ್ತೆ ಮಾಡಿ, ಪ್ರತಿ ಸಲ ಒಂದನ್ನು ಮಾತ್ರ ಬದಲಿಸಿ ನೋಡುವುದು ಯಾಕೆ ಎಂದು ಫಿರೋಜ್ ಹೇಳಬೇಕು. ಕೊನೆಯ ಹದಿನೈದು ನಿಮಿಷ ನನ್ನದು: ಕೆಟ್ಟುಹೋದ ಪ್ರಯೋಗಗಳನ್ನು ಮುಚ್ಚಿಡದೆ ಬರೆಯುವುದು, ಯಂತ್ರದಿಂದ ಯಾರಿಗೆ ಪೆಟ್ಟಾಗಬಹುದು ಎಂದು ಮೊದಲೇ ಯೋಚಿಸುವುದು. ಈ ಭಾಗವನ್ನು ನಾನು ಜಗಳವಾಡಿ ಪಡೆದುಕೊಂಡೆ. ಅದೇ ಈಗ ನನ್ನ ಕೊರಳಿಗೆ ಬಂದಿದೆ.

ಯಂತ್ರವನ್ನು ಕಾಲೇಜಿಗೆ ತಂದು ಪ್ರಾಚಾರ್ಯರಿಗೆ ತೋರಿಸಿದ ದಿನ ಎಲ್ಲವೂ ದಾರಿ ತಪ್ಪಿತು. ಅವರು ಟ್ಯೂಬು ಗೂಟಕ್ಕೆ ಬೀಳುವುದನ್ನು ಎರಡು ಸಲ ನೋಡಿ, ಚಪ್ಪಾಳೆ ತಟ್ಟಿ ಕೇಳಿದರು:

“ಟ್ಯೂಬ್ ಹಾಕ್ತದಂದ್ರ ಹಾರಾನೂ ಹಾಕ್ತದಲ್ಲ? ಸಾಹೇಬ್ರ ಕೊಳ್ಳಾಗ ರೋಬಾಟ್ ಕೈಲೆ ಹಾರ! ಪೇಪರ್‌ದಾಗ ಫೋಟೋ ಬರ್ತದ.”

“ಸರ್, ಗೂಟಕ್ಕ ಟ್ಯೂಬ್ ಹಾಕೋದು ಬ್ಯಾರೆ, ಮನಷ್ಯಾರ ಕೊಳ್ಳಾಗ ಹಾಕೋದು ಬ್ಯಾರೆ ರೀ,” ಎಂದ ಫಿರೋಜ್.

“ಏನ್ ಬ್ಯಾರೆ? ಎರಡೂ ಗುಂಡಗೇ ಅವಲ್ಲ.”

ನಮ್ಮ ಭಾಗದಲ್ಲಿ ಸತ್ಕಾರವಿಲ್ಲದೆ ಒಂದು ಬೋರ್‌ವೆಲ್ ಕೂಡ ಚಾಲೂ ಆಗುವುದಿಲ್ಲ ಎಂಬುದು ನಿಮಗೆ ಗೊತ್ತು. ಶಾಲು, ಹಾರ, ಪೇಟ, ಫಲಪುಷ್ಪ. ಹಾರ ಎಷ್ಟು ದಪ್ಪವೋ ಮರ್ಯಾದೆ ಅಷ್ಟು ದೊಡ್ಡದು. ನಮ್ಮ ಕರಪತ್ರದಲ್ಲಿ ಸತ್ಕಾರಕ್ಕೆ ಹದಿನಾಲ್ಕು ಗಣ್ಯರ ಹೆಸರಿದೆ. ಅದರ ಕೆಳಗೆ ಉಪನ್ಯಾಸಕ್ಕೆ ಜಾಗ ಸಾಲದೆ ‘ನಂತರ ವಿದ್ಯಾರ್ಥಿಗಳಿಂದ ಕಾರ್ಯಕ್ರಮ’ ಎಂದಷ್ಟೇ ಅಚ್ಚಾಗಿದೆ. ನಲವತ್ತೈದು ನಿಮಿಷ ಈಗ ಎಂಟು ನಿಮಿಷಕ್ಕಿಳಿದಿದೆ. ನನ್ನ ಹದಿನೈದು ನಿಮಿಷವನ್ನು ಪೂರ್ತಿ ಕೈಬಿಡಲಾಗಿದೆ, ಏಕೆಂದರೆ ಶುಭ ಸಮಾರಂಭದಲ್ಲಿ ಸೋಲಿನ ಸುದ್ದಿ ಯಾರಿಗೆ ಬೇಕು?

ಆದರೂ ನಾವು ಪಟ್ಟು ಬಿಡಲಿಲ್ಲ. ಹಾರ ಹಾಕಲೇಬೇಕು ಎಂದರೆ ಅದನ್ನೂ ಪ್ರಯೋಗ ಮಾಡಿಯೇ ನೋಡೋಣ ಎಂದು ಹೊರಟೆವು. ಕುರ್ಚಿಗೆ ಅಡ್ಡಗೋಲು ಕಟ್ಟಿ ಹೆಗಲು ಮಾಡಿದೆವು, ಅದರ ಮೇಲೆ ತಲೆಯ ಜಾಗದಲ್ಲಿ ಮಣ್ಣಿನ ಗಡಿಗೆ ಕೂರಿಸಿದೆವು. ಮೊದಲ ಮೂವತ್ತು ಸಲ ಪ್ಲಾಸ್ಟಿಕ್ ಹಾರ. ಮೂವತ್ತಕ್ಕೆ ಮೂವತ್ತೂ ಬರೋಬರ್. ಹಿಗ್ಗಿ ಹೀರೇಕಾಯಿಯಾದೆವು. ಆಮೇಲೆ ಪೇಟೆಯಿಂದ ನಿಜವಾದ ಚೆಂಡುಹೂವಿನ ಹಾರ ತಂದೆವು. ಹೂವು ಬಾಡದಿರಲೆಂದು ಹೂಗಾರರು ನೀರು ಚಿಮುಕಿಸಿರುತ್ತಾರೆ. ದೊಡ್ಡವರ ಹಾರ ಕೊರಳಲ್ಲೇ ಹರಿದರೆ ಅಪಶಕುನ ಎಂದು ನೈಲಾನ್ ದಾರದಲ್ಲಿ ಪೋಣಿಸಿರುತ್ತಾರೆ. ಮೂರನೆಯ ಸಲ ಒಂದು ಕೊಕ್ಕೆ ಬಿಚ್ಚಿಕೊಂಡಿತು, ಇನ್ನೊಂದರ ಸಂದಿಯಲ್ಲಿ ಹಸಿ ಪಕಳೆ ತುಂಬಿ ಅದು ಹಾಗೇ ಸಿಕ್ಕಿಕೊಂಡಿತು. ಹಾರ ಕುಣಿಕೆಯಾಯಿತು. ತೋಳು ತನ್ನ ಪಾಡಿಗೆ ಮೇಲೆ ಹೋಯಿತು. ಗಡಿಗೆ ಹೆಗಲಿನಿಂದ ಕಿತ್ತು ನೆಲಕ್ಕೆ ಬಿದ್ದು ಚೂರಾಯಿತು.

ಹುಮನಾಬಾದಿನ ಸಂತೆಯಲ್ಲಿ ಗಡಿಗೆ ಮಾರುವ ಚಂದಮ್ಮನ ಹತ್ತಿರ ಮತ್ತೆ ಮತ್ತೆ ಹೋದೆವು. ಆರನೆಯ ಸಲ ಹೋದಾಗ ಆಕೆ ಸೊಂಟದ ಮೇಲೆ ಕೈ ಇಟ್ಟು ಕೇಳಿದಳು:

“ಏನವ್ವಾ, ಗಡಗ್ಯಾಗ ಅಡಗಿ ಮಾಡಾಕತ್ತೀರೋ, ಗಡಗೀನೇ ತಿನ್ನಾಕತ್ತೀರೋ?”

ನಾನು ನಗುತ್ತ ಎಲ್ಲವನ್ನೂ ಹೇಳಿದೆ. ಆಕೆ ನಗಲಿಲ್ಲ. “ಗಡಗಿ ಒಡದ್ರ ಇನ್ನೊಂದು ಕೊಡ್ತೀನಿ. ತಲಿ ಎಲ್ಲಿಂದ ತರ್ತೀರಿ?” ಎಂದಳು. ನಾವು ತಿಂಗಳುಗಟ್ಟಲೆ ಪುಸ್ತಕ ಓದಿ ಕಲಿತ ಸುಧಾರಿತ ವಿಧಾನವನ್ನು ಚಂದಮ್ಮ ನಿಂತಲ್ಲೇ ಒಂದು ಮಾತಿನಲ್ಲಿ ಮುಗಿಸಿದಳು.

ಎಂಟು ಗಡಿಗೆ ಒಡೆದವು. ಒಂಬತ್ತನೆಯದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ, ಆದರೆ ಬರೆಯದಿದ್ದರೆ ಈ ಪತ್ರಕ್ಕೆ ಅರ್ಥವಿಲ್ಲ. ಅರವತ್ತನೆಯ ಪ್ರಯೋಗದ ದಿನ ಉಳಿದಿದ್ದದ್ದು ಒಂದೇ ಗಡಿಗೆ. ನಮ್ಮ ಲ್ಯಾಬಿನ ಅಟೆಂಡರ್ ಅಂಬಾದಾಸ ಕಾಕಾ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮೂವತ್ತು ವರ್ಷ ಈ ಕಾಲೇಜಿನಲ್ಲಿ ಹಾರದ ತಟ್ಟೆ ಹಿಡಿದು ವೇದಿಕೆಯ ಪಕ್ಕ ನಿಂತವರು ಅವರು.

“ಗಡಗಿ ಯಾಕ ಹಾಳ ಮಾಡ್ತೀರಿ ಬಾಯಿ. ನಾ ಕೂಡ್ತೀನಿ. ಜಲ್ಮದಾಗ ಒಮ್ಮ್ಯಾದ್ರೂ ನನ್ನ ಕೊಳ್ಳಾಗ ಹಾರ ಬೀಳಲಿ,” ಎಂದರು. ಕಾಲೇಜಿನ ಹುಡುಗಿಯರೆಲ್ಲ ಅವರಿಗೆ ‘ಬಾಯಿ’ಗಳೇ.

ಬೇಡ ಎಂದು ಗಟ್ಟಿಯಾಗಿ ಹೇಳಬೇಕಿತ್ತು. ನಾವು ಒಬ್ಬರ ಮುಖ ಒಬ್ಬರು ನೋಡಿದೆವು, ಯಾರೂ ಹೇಳಲಿಲ್ಲ. ಹಿಂದಿನ ನಾಲ್ಕು ಸಲ ಯಂತ್ರ ಸರಿಯಾಗಿಯೇ ನಡೆದಿತ್ತು. ಕಾಕಾ ಟೊಪ್ಪಿಗೆ ತೆಗೆದು, ಕೂದಲು ಸವರಿಕೊಂಡು, ಫೋಟೋಕ್ಕೆ ಕೂತಂತೆ ಕೂತರು. ಹಾರ ಬಿತ್ತು. ಅವರು ನಕ್ಕರು. ಎಡಗಡೆಯ ಕೊಕ್ಕೆ ಬಿಚ್ಚಿಕೊಳ್ಳಲಿಲ್ಲ. ಅವರ ನಗು ಇನ್ನೂ ಮುಖದಲ್ಲಿರುವಾಗಲೇ ಹಿಮ್ಮಡಿ ನೆಲ ಬಿಟ್ಟವು. ಎರಡೂ ಕೈಯಲ್ಲಿ ಹಾರವನ್ನು ಹಿಡಿದುಕೊಂಡರು, ಬಾಯಿ ತೆರೆದರು, ದನಿ ಬರಲಿಲ್ಲ. ಫಿರೋಜ್ ಓಡಿಹೋಗಿ ಗೋಡೆಯ ಪ್ಲಗ್ಗನ್ನು ಕಿತ್ತ. ಸ್ನೇಹಲ್ ಕೈಯಲ್ಲಿದ್ದ ಸ್ಟಾಪ್‌ವಾಚ್ ಅಷ್ಟೂ ಹೊತ್ತು ಓಡುತ್ತಲೇ ಇತ್ತು. ಆರು ಸೆಕೆಂಡು. ಆ ಆರು ಸೆಕೆಂಡು ನಾನು ಏನು ಮಾಡಿದೆ ಎಂದು ಕೇಳಿ. ನಾನು ನೋಟ್‌ಬುಕ್ ಹಿಡಿದು ನಿಂತಿದ್ದೆ.

ಎರಡು ದಿನ ಕಾಕಾಗೆ ದನಿಯೇ ಹೊರಡಲಿಲ್ಲ. ಈಗ ಕೊರಳಿಗೆ ಒಂದು ಟವೆಲ್ ಸುತ್ತಿಕೊಂಡೇ ಕೆಲಸಕ್ಕೆ ಬರುತ್ತಾರೆ. “ಏನಾಗಿಲ್ಲ ಬಾಯಿ, ಹಾರಂತೂ ಬಿತ್ತಲ್ಲ,” ಎಂದು ನಮ್ಮನ್ನೇ ಸಮಾಧಾನ ಮಾಡುತ್ತಾರೆ. ಅವರ ಹೆಸರನ್ನು ಇಲ್ಲಿ ಬರೆಯಲೇ ಎಂದು ಮೊನ್ನೆ ಕೇಳಿದೆ. “ಬರಿ. ರಿಟೈರ್ ಆಗಾಕ ನಾಕ್ ತಿಂಗಳದ. ನಿನ್ನ ಕೊಳ್ಳಿಗಿಂತ ನನ್ನ ನೌಕರಿ ದೊಡ್ಡದೇನಲ್ಲ,” ಎಂದರು. ಹಾಗೆ ಹೇಳುವಾಗ ಅವರ ಕೈಯೂ ಕುತ್ತಿಗೆಯ ಮೇಲೇ ಇತ್ತು.

ಅದಾದ ಮೇಲೆ ಚಾಚಾ ಯಾವುದೋ ಹಳೆಯ ಹಿಟ್ಟಿನ ಗಿರಣಿಯಿಂದ ಬಿಚ್ಚಿ ತಂದ ಅಂಗೈಯಗಲದ ಕೆಂಪು ಗುಂಡಿಯೊಂದನ್ನು ಯಂತ್ರಕ್ಕೆ ಕೂರಿಸಿದೆವು. ಯಾರು ಬೇಕಾದರೂ ಒಂದು ಏಟು ಹೊಡೆದರೆ ಯಂತ್ರ ನಿಂತು, ಎರಡೂ ತೋಳು ಸಡಿಲವಾಗಬೇಕು. ಅದರ ಕೆಳಗೆ ‘ಅಪಾಯ: ಒತ್ತಿ ನಿಲ್ಲಿಸಿ’ ಎಂದು ಬರೆದೆವು. ಪ್ರಾಚಾರ್ಯರು ಅದನ್ನು ಓದಿ ಹೌಹಾರಿದರು.

“ಶುಭ ಕೆಲಸದಾಗ ಅಪಾಯ ಅಂತ ಯಾಕ ಬರದೀರಿ? ಬುದ್ಧಿ ಅದನೋ ಇಲ್ಲೋ? ತಗೀರಿ ಅದನ್ನ.”

ನಮ್ಮ ಕಡೆ ಸಂಜೆಯ ದೀಪ ಆರಿತು ಎನ್ನುವುದಿಲ್ಲ, ದೊಡ್ಡದಾಯಿತು ಎನ್ನುತ್ತೇವೆ. ಕೈಬಳೆ ಒಡೆಯಿತು ಎನ್ನುವುದಿಲ್ಲ. ಹೊರಟವರನ್ನು ಎಲ್ಲಿಗೆ ಎಂದು ಕೇಳುವುದಿಲ್ಲ. ಕೆಟ್ಟದ್ದನ್ನು ಹೆಸರು ಹಿಡಿದು ಕರೆದರೆ ಅದು ಓಗೊಟ್ಟು ಬಂದೇಬಿಡುತ್ತದೆ ಎಂಬ ಅಂಜಿಕೆಯಲ್ಲಿ ಬೆಳೆದವರು ನಾವು, ನಾನೂ. ಹಾಗಾಗಿ ಪ್ರಾಚಾರ್ಯರನ್ನು ಆಡಿಕೊಳ್ಳುವ ಹಕ್ಕು ನನಗಿಲ್ಲ. ಗುಂಡಿಯನ್ನು ಬಿಚ್ಚಿದವಳು ನಾನೇ. ನಾಲ್ಕು ಸ್ಕ್ರೂ. ಒಂದೊಂದಾಗಿ ತಿರುಗಿಸಿ ತೆಗೆದು ಅವರ ಮೇಜಿನ ಮೇಲಿಟ್ಟೆ, ಆಗಲಿ ಸರ್ ಎಂದೂ ಹೇಳಿದೆ. ಗುಂಡಿ ಇದ್ದ ತೂತಿನ ಮೇಲೆ ಈಗ ಜರಿಯ ಬಟ್ಟೆಯಿದೆ. ಗುಂಡಿ ಅವರ ಡ್ರಾಯರಿನಲ್ಲಿದೆ. ಯಂತ್ರ ಸಭಾಂಗಣದಲ್ಲಿದೆ, ಶುಕ್ರವಾರದವರೆಗೆ ಬೀಗ ಹಾಕಿದೆ. ವೇದಿಕೆಯ ಅಂದ ಕೆಡಬಾರದೆಂದು ಅದರ ವೈರನ್ನು ಜಮಖಾನೆಯ ಕೆಳಗೆ ಹಾಯಿಸಿ ಹಿತ್ತಲಿನ ಜನರೇಟರಿಗೆ ಜೋಡಿಸಿದ್ದಾರೆ. ವೇದಿಕೆಯಿಂದ ಅಲ್ಲಿಗೆ ಓಡಿಹೋಗಲು ಫಿರೋಜನಿಗೆ ಇಪ್ಪತ್ತೆರಡು ಸೆಕೆಂಡು ಬೇಕಾಯಿತು. ಬೀಗ ಬೀಳುವ ಮೊದಲು ಎರಡು ಸಲ ಓಡಿ ನೋಡಿದ್ದಾನೆ.

ಆಗ, ಮಾನ್ಯರೇ, ನಾನು ನಿಮಗೆ ಪತ್ರ ಬರೆದೆ. ಆಗ ಹಾರ ನಿಮ್ಮ ಕೊರಳಿಗೆಂದು ನಿಗದಿಯಾಗಿತ್ತು. ಅರವತ್ತು ಪ್ರಯೋಗದಲ್ಲಿ ಒಂಬತ್ತು ಸಲ ಯಂತ್ರ ಕೈಕೊಟ್ಟಿದೆ, ಒಂದು ಸಲ ಮನುಷ್ಯನಿಗೆ ಪೆಟ್ಟಾಗಿದೆ, ದಯವಿಟ್ಟು ಯಂತ್ರದಿಂದ ಹಾರ ಹಾಕಿಸಿಕೊಳ್ಳಬೇಡಿ, ಬದಲಿಗೆ ನಮ್ಮ ಉಪನ್ಯಾಸವನ್ನು ಪೂರ್ತಿ ಕೇಳಿ ಎಂದು ಬೇಡಿಕೊಂಡೆ. ನನ್ನ ಹಾಲ್ ಟಿಕೆಟಿನಲ್ಲಿ ತಪ್ಪಾಗಿದ್ದ ಒಂದಕ್ಷರ ತಿದ್ದಿಸಲು ಏಳು ತಿಂಗಳು ಹಿಡಿದಿತ್ತು. ಈ ಪತ್ರಕ್ಕೆ ನಾಲ್ಕೇ ದಿನದಲ್ಲಿ ಉತ್ತರ ಬಂತು. ಕೊರಳು ಯಾರದು ಎಂಬುದರ ಮೇಲೆ ಕಡತಕ್ಕೆ ಕಾಲು ಬರುತ್ತದೆ ಎಂದು ಅವತ್ತು ಕಲಿತೆ. ಉತ್ತರದ ಸಾಲುಗಳು ನನಗೆ ಬಾಯಿಪಾಠವಾಗಿವೆ: ‘ಗಣ್ಯರ ಸುರಕ್ಷತೆಯ ಹಿತದೃಷ್ಟಿಯಿಂದ, ಯಂತ್ರದ ಮೂಲಕ ಮಾಲಾರ್ಪಣೆಯನ್ನು ಗಣ್ಯರ ಬದಲಾಗಿ ತಂಡದ ವಿದ್ಯಾರ್ಥಿಯೊಬ್ಬರಿಗೆ ಮಾಡತಕ್ಕದ್ದು. ಉಳಿದಂತೆ ಕಾರ್ಯಕ್ರಮದಲ್ಲಿ ಯಾವುದೇ ಬದಲಾವಣೆ ಇರುವುದಿಲ್ಲ.’

ತಲೆಗೆ ಬಂದದ್ದು ಪೇಟಕ್ಕೆ ಹೋಯಿತು ಎಂದು ನೀವು ನಿಟ್ಟುಸಿರು ಬಿಟ್ಟಿರಬೇಕು. ಆ ಪೇಟ ನಾನು.

ಒಂದು ಮಾತು ಕೇಳುತ್ತೇನೆ. ನಮ್ಮ ಸಂಶೋಧನೆಯನ್ನು ನೀವು ನಂಬಿದ್ದೀರೋ ಇಲ್ಲವೋ? ನಂಬಿಲ್ಲವಾದರೆ ನಿಮ್ಮ ಕೊರಳನ್ನು ಯಾಕೆ ಹಿಂದಕ್ಕೆ ತೆಗೆದುಕೊಂಡಿರಿ? ನಂಬಿದ್ದೀರಾದರೆ ನನ್ನ ಕೊರಳನ್ನು ಯಾಕೆ ಮುಂದಿಟ್ಟಿರಿ? ಮೂರು ವರ್ಷದ ಓದಿನಲ್ಲಿ ನನ್ನ ಲೆಕ್ಕವೊಂದನ್ನು ಮೇಲಿನವರು ಇಷ್ಟು ಗಂಭೀರವಾಗಿ ಓದಿದ್ದು ಇದೇ ಮೊದಲು, ಅದಕ್ಕೆ ಹೆಮ್ಮೆಪಡಲೇ? ಶರಣರ ಕಾಲದಿಂದಲೂ ಪ್ರಶ್ನೆ ಕೇಳುವುದಕ್ಕೇ ಹೆಸರಾದ ಊರಿದು, ಹಾಗಾಗಿ ಕೇಳಿದ್ದಕ್ಕೆ ಸಿಟ್ಟಾಗಬೇಡಿ.

ನಿಮಗೆ ಬರೆದ ಆ ಪತ್ರದಲ್ಲಿ ನಮ್ಮದೂ ಒಂದು ತಪ್ಪಿದೆ. ಈಗ ಒಪ್ಪಿಕೊಳ್ಳುತ್ತೇನೆ. ಅರವತ್ತಕ್ಕೆ ಒಂಬತ್ತು ಎಂದು ಬರೆದೆವು. ಪ್ಲಾಸ್ಟಿಕ್ ಹಾರದಲ್ಲಿ ಒಮ್ಮೆಯೂ ಕೆಡಲಿಲ್ಲ, ಒಂಬತ್ತೂ ಸಲ ಕೆಟ್ಟದ್ದು ಹಸಿ ಹೂವಿನಲ್ಲಿ. ಅಂದರೆ ಸರಿಯಾದ ಲೆಕ್ಕ ಮೂವತ್ತಕ್ಕೆ ಒಂಬತ್ತು. ನಮ್ಮ ಯಂತ್ರ ತೀರಾ ಕೆಟ್ಟದಾಗಿ ಕಾಣಬಾರದೆಂದು ಎರಡನ್ನೂ ಕೂಡಿಸಿ ಬರೆದೆವು. ಕೆಟ್ಟುಹೋದದ್ದನ್ನು ಮುಚ್ಚಿಡಬಾರದು ಎಂದು ಹದಿನೈದು ನಿಮಿಷ ಭಾಷಣ ಮಾಡಲು ಹೊರಟವಳೇ ಮುಚ್ಚಿಟ್ಟೆ. ಶುಕ್ರವಾರದ ಹಾರವಂತೂ ಹಸಿ ಹೂವಿನದೇ. ನಾವು ಪರೀಕ್ಷಿಸಿದ ಹಾರಗಳು ಎರಡೆರಡು ಕಿಲೋ ಇದ್ದವು. ಪ್ರಾಚಾರ್ಯರು ಹೂಗಾರರಿಗೆ ಹೇಳಿರುವುದು ಐದು ಕಿಲೋ ಹಾರ. ಐದು ಕಿಲೋಗೆ ಏನಾಗುತ್ತದೆ ಎಂದು ನಮಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದೇ ಸಂಶೋಧನೆಯ ಮೊದಲ ಪಾಠ ಎಂದು ಓದಿದ್ದೇನೆ. ಆ ಪಾಠ ಇಷ್ಟು ಹೆದರಿಸುತ್ತದೆ ಎಂದು ಅಲ್ಲಿ ಬರೆದಿರಲಿಲ್ಲ.

ಹಾಗಾದರೆ ಒಲ್ಲೆ ಎಂದುಬಿಡು ಎಂದು ನೀವು ಹೇಳಬಹುದು. ಹೇಳಿದೆ. ಪ್ರಾಚಾರ್ಯರು ಬೈಯಲಿಲ್ಲ, ಮೆತ್ತಗೆ ಮಾತಾಡಿದರು. “ನೀ ಒಲ್ಲೆ ಅಂದ್ರ ಸ್ನೇಹಲ್ ಕೂಡ್ತಾಳ. ಆಕಿ ಒಲ್ಲೆ ಅಂದ್ರ ಫಿರೋಜ್. ಮೂವರೂ ಒಲ್ಲೆ ಅಂದ್ರ ಮೂವರದೂ ಮಾರ್ಕ್ಸ್ ಹೋಗ್ತಾವ. ಫಿಕರ್ ಮಾಡಬ್ಯಾಡ, ಏನಾಗಲ್ಲ,” ಎಂದರು. ಸ್ನೇಹಲ್ ಪಕ್ಕದಲ್ಲೇ ನಿಂತಿದ್ದಳು. ಅವಳು ನನ್ನ ಕೈ ಹಿಡಿದುಕೊಂಡಳು. ಅದನ್ನು ಬಿಡಿಸಿಕೊಂಡು ನಾನೇ ಕೂರುತ್ತೇನೆ ಎಂದೆ. ಧೈರ್ಯವಂತೆ ಎಂದು ತಿಳಿಯಬೇಡಿ. ಇನ್ನೊಬ್ಬರ ಹಿಮ್ಮಡಿ ನೆಲ ಬಿಡುವುದನ್ನು ನೋಟ್‌ಬುಕ್ ಹಿಡಿದು ಮತ್ತೊಮ್ಮೆ ನೋಡಲಾರೆ, ಅಷ್ಟೇ.

ಮನೆಯಲ್ಲಿ ನಮ್ಮವ್ವ ಲಲಿತಾಬಾಯಿಗೆ ಇದೊಂದೂ ಗೊತ್ತಿಲ್ಲ. ಮಗಳಿಗೆ ಸಭೆಯಲ್ಲಿ ಹಾರ ಹಾಕುತ್ತಾರೆ ಎಂದಷ್ಟೇ ಗೊತ್ತು. ಮಂಠಾಳದಿಂದ ಚಿಕ್ಕವ್ವನನ್ನು ಕರೆಸುತ್ತಿದ್ದಾಳೆ. “ನಮ್ಮ ಮನಿತನದಾಗ ಯಾರ ಕೊಳ್ಳಾಗೂ ಸಭಾದಾಗ ಹಾರ ಬಿದ್ದಿಲ್ಲ, ನಿನಗ ಬೀಳಾಕತ್ತದ,” ಎಂದು ದಿನಕ್ಕೆ ನಾಲ್ಕು ಸಲ ಹೇಳುತ್ತಾಳೆ. ನಿನ್ನೆ ನನ್ನ ತಲೆ ಬಾಚುತ್ತ, “ಅವತ್ತ ಜಡಿ ಮುಂದ ಬಿಟಗೋ, ಹಾರದ ಕೂಡ ಚಂದ ಕಾಣ್ತದ,” ಎಂದಳು. ನನಗೆ ಕೊಕ್ಕೆಯ ಸಂದಿ ನೆನಪಾಯಿತು. ಯಾಕ ನಡಗಾಕತ್ತೀದಿ ಎಂದು ಕೇಳಿದಳು. ಚಳಿ ಎಂದೆ. ಮೇ ತಿಂಗಳಲ್ಲಿ ಬೀದರ ಜಿಲ್ಲೆಯಲ್ಲಿ ಯಾರಿಗೆ ಚಳಿಯಾಗುತ್ತದೆ? ಈ ಪತ್ರ ಅಚ್ಚಾದ ದಿನ ಓಣಿಯಲ್ಲಿ ಯಾರಾದರೂ ಅವಳಿಗೆ ಓದಿ ಹೇಳುತ್ತಾರೆ. ಆಮೇಲೆ ಅವಳ ಮುಖ ನೋಡಬೇಕಲ್ಲ ಎಂಬುದೂ ನನ್ನ ಹೆದರಿಕೆಗಳಲ್ಲಿ ಒಂದು.

ನನ್ನ ಬೇಡಿಕೆ ದೊಡ್ಡದೇನಲ್ಲ. ಯಂತ್ರ ಹಾರ ಹಾಕಲಿ, ಫೋಟೋ ಬರಲಿ, ಎಲ್ಲರ ಮರ್ಯಾದೆಯೂ ಉಳಿಯಲಿ. ಆದರೆ ಕುರ್ಚಿಯ ಮೇಲೆ ಗಡಿಗೆ ಇರಲಿ. ಡ್ರಾಯರಿನಲ್ಲಿರುವ ಕೆಂಪು ಗುಂಡಿಯನ್ನು ಮತ್ತೆ ಕೂರಿಸಲು ಅರ್ಧ ಗಂಟೆ ಸಾಕು. ಅದರ ಕೆಳಗೆ ಅಪಾಯ ಎಂದು ಬರೆಯುವುದು ಬೇಡವಾದರೆ ‘ಶುಭಂ’ ಎಂದು ಬೇಕಾದರೆ ಬರೆಯುತ್ತೇವೆ, ಗುಂಡಿ ಕೆಲಸ ಮಾಡಿದರಾಯಿತು. ನಮ್ಮ ನಲವತ್ತೈದು ನಿಮಿಷವನ್ನು ನಮಗೆ ಮರಳಿ ಕೊಡಿ. ಎಂಟು ಗಡಿಗೆ ಮತ್ತು ಒಬ್ಬ ಮನುಷ್ಯನ ಬಗ್ಗೆ ನಾನು ಹದಿನೈದು ನಿಮಿಷ ಮಾತಾಡಬೇಕು, ನೀವು ಅಷ್ಟು ಹೊತ್ತು ಎದ್ದುಹೋಗದೆ ಕೇಳಬೇಕು. ಸುತ್ತೋಲೆಯಲ್ಲಿ ನೀವೇ ಕೇಳಿದ ಸುಧಾರಿತ ಸಂಶೋಧನಾ ವಿಧಾನ ಎಂದರೆ ನಮಗೆ ತಿಳಿದ ಮಟ್ಟಿಗೆ ಅದೇ.

ಮೊನ್ನೆ ಚಂದಮ್ಮನ ಹತ್ತಿರ ಹೋಗಿದ್ದೆ. ಹಾರ ಯಾರ ಕೊರಳಿಗೆ ಎಂದು ಕೇಳಿದಳು, ಹೇಳಿದೆ. ಆಕೆ ಒಳ್ಳೆಯದೊಂದು ಗಡಿಗೆ ಆರಿಸಿ, ಬೆರಳಿನಿಂದ ತಟ್ಟಿ ನೋಡಿ ಕೈಗೆ ಕೊಟ್ಟಳು. “ಇದು ನನ್ನ ಕಡಿಂದ. ನಿನ್ನ ಬದ್ಲಿ ಇದನ್ನ ಕೂಡಸು,” ಎಂದಳು. ಹುಮನಾಬಾದಿನಿಂದ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ತಂದಿದ್ದೇನೆ. ಅಂಬಾದಾಸ ಕಾಕಾ ಅದನ್ನು ಲ್ಯಾಬಿನ ಕಪಾಟಿನಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದಾರೆ. ಗುರುವಾರ ಸಂಜೆ ಐದರೊಳಗೆ ನಿಮ್ಮಿಂದ ಒಂದು ಸಾಲು ಬಂದರೆ ಕುರ್ಚಿಯಲ್ಲಿ ಅದು ಕೂರುತ್ತದೆ. ಬರದಿದ್ದರೆ ನಾನು ಕೂರುತ್ತೇನೆ.

ಫಿರೋಜ್ ನೋಟ್‌ಬುಕ್ಕಿನಲ್ಲಿ ಅರವತ್ತೊಂದನೆಯ ಪ್ರಯೋಗಕ್ಕೆ ಗೆರೆ ಎಳೆದಿಟ್ಟಿದ್ದಾನೆ. ದಿನಾಂಕ ಬರೆದಿದ್ದಾನೆ, ಹಾರದ ತೂಕ ಐದು ಕಿಲೋ, ದಾರ ನೈಲಾನ್, ಹೂವು ಹಸಿ. ‘ಕುರ್ಚಿಯಲ್ಲಿ’ ಎಂಬ ಕಲಂ ಮಾತ್ರ ಖಾಲಿಯಿದೆ. ಮೇಲಿನ ಸಾಲುಗಳಲ್ಲೆಲ್ಲ ಅಲ್ಲಿ ಗಡಿಗೆ ಎಂದಿದೆ, ಒಂದರಲ್ಲಿ ಅಂಬಾದಾಸ ಎಂದಿದೆ. ಅರವತ್ತೊಂದನೆಯ ಸಾಲನ್ನು ತುಂಬುವ ಅಧಿಕಾರ ನಿಮ್ಮದು, ಮಾನ್ಯರೇ. ಗಡಿಗೆ ಎಂದು ತುಂಬಿರಿ.

ಇಂತಿ,
ಸದ್ಯಕ್ಕೆ ಗಡಿಗೆಯ ಜಾಗಕ್ಕೆ ನೇಮಕಗೊಂಡಿರುವ
ವಿದ್ಯಾವತಿ, ಮೋರಖಂಡಿ